ಹೈಪೋ ಮಾಡಿದ ಉಪಕಾರ

ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ, ಹಳೇ ಪದ್ಧತಿಯ ದಪ್ಪ ಕಾಗದದ ಮೇಲೆ ಮುದುಕಿಯೊಬ್ಬಳ ಚಿತ್ರ ಮೂಡಿತು. ಹಾಗೇ ಬಿಟ್ಟಿದ್ದರೆ ಬೆಳಕಿಗೆ ಬಂದೊಡನೆ ಕಪ್ಪಾಗಿ ಹೋಗುತ್ತಿತ್ತು. ಹೈಪೋ ಎಂಬ ರಾಸಾಯನಿಕ ಅದನ್ನು ಉಳಿಸಿತು. ಆಮೇಲೆ ಸ್ಟುಡಿಯೋದವರು ಚಿತ್ರವನ್ನು ತೊಳೆಯುವ ತಟ್ಟೆಗೆ ಹಾಕಿ ನಲ್ಲಿ ತಿರುಗಿಸಿದರು.

"ಒಂದು ಗಂಟೆ ಹರಿಯುತ್ತೇನೆ. ನಿನ್ನ ನಾರುನಾರಿನಲ್ಲಿ ಸೇರಿಕೊಂಡಿರುವ ಹೈಪೋ ಪೂರ್ತಿ ಹೊರಗೆ ಹೋಗಬೇಕು" ಎಂದಿತು ನೀರು.

ಚಿತ್ರಕ್ಕೆ ಮೈಯೆಲ್ಲ ಉರಿದುಹೋಯಿತು. "ನನ್ನ ಜೀವ ಉಳಿಸಿದವನನ್ನು ಹೊರಗೆ ಹಾಕುವುದಕ್ಕೆ ನೀನು ಯಾರು? ಅಷ್ಟು ಕೃತಘ್ನ ನಾನಲ್ಲ."

"ಉಪಕಾರ ಮಾಡಿದ, ನಿಜ. ಕೆಲಸ ಮುಗಿದ ಮೇಲೂ ಇಲ್ಲೇ ಕೂತು ಏನು ಮಾಡುತ್ತಾನೆ?"

ಚಿತ್ರ ತಟ್ಟೆಯ ತಳಕ್ಕೆ ಬೋರಲಾಗಿ ಅಂಟಿಕೊಂಡು ಹೈಪೋವನ್ನು ಬಚ್ಚಿಟ್ಟುಕೊಂಡಿತು. ನೀರು ಒಂದು ಗಂಟೆ ಅದರ ಬೆನ್ನ ಮೇಲಷ್ಟೇ ಹರಿದು ಹೋಯಿತು.

ಮೂರು ವರ್ಷ ಚಿತ್ರ ಗೋಡೆಯ ಮೇಲೆ ಚೆನ್ನಾಗಿಯೇ ಇತ್ತು. ನಾಲ್ಕನೆಯ ವರ್ಷ ಮುದುಕಿಯ ಸೆರಗು ಹಳದಿಯಾಯಿತು. ಆಮೇಲೆ ಕೆನ್ನೆಗೆ ಕಲೆ ಹತ್ತಿತು. ಕೊನೆಗೆ ಒಂದು ಕಣ್ಣೇ ಮಾಸಿಹೋಯಿತು.

ಚಿತ್ರ ರೇಗಿತು. "ನಿನಗೋಸ್ಕರ ನೀರಿನ ಜೊತೆ ಜಗಳವಾಡಿದೆ. ಈಗ ನನ್ನನ್ನೇ ತಿನ್ನುತ್ತಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವೇ?"

ನಾರಿನೊಳಗಿದ್ದ ಹೈಪೋಗೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ನನಗೇಕೆ ನಾಚಿಕೆ? ಅವತ್ತು ನಾನಿಲ್ಲದಿದ್ದರೆ ನಿನಗೆ ಈ ಮುಖ ಇರುತ್ತಿತ್ತೇ? ಉಳಿಸಿದವನು ನಾನು. ತಿನ್ನುವ ಹಕ್ಕು ಇನ್ಯಾರಿಗಿದೆ?"