ವೀಣೆಗೆ ಒಂದು ಸುತ್ತು

ಮೈಸೂರಿನ ಲಾಜರ್ ಹಳೆಯ ಕಾರುಗಳ ಮೆಕ್ಯಾನಿಕ್. ಒಂದು ಬೆಳಿಗ್ಗೆ ವೀರರಾಜ ಅರಸರು ತಮ್ಮ ತಂದೆಯ ಕಾಲದ ಕೆಂಪು ಸ್ಪೋರ್ಟ್ಸ್ ಕಾರನ್ನು ತಂದು ನಿಲ್ಲಿಸಿದರು. ಎಳೆಬಿಸಿಲಿನಲ್ಲಿ ಅದು ಕನಸಿನಿಂದ ಇಳಿದು ಬಂದ ಹಾಗಿತ್ತು.

"ಮಗಳಿಗೆ ಮೊನ್ನೆ ಲೈಸೆನ್ಸ್ ಬಂತು. ನಾಳೆಯಿಂದ ಇದನ್ನು ಅವಳೇ ಓಡಿಸುತ್ತಾಳೆ. ಸಿದ್ಧ ಮಾಡು" ಎಂದರು.

"ಬೆಲ್ಟಿಲ್ಲ, ಏರ್‌ಬ್ಯಾಗಿಲ್ಲ ಬುದ್ಧಿ. ಗುದ್ದಿದರೆ ಸ್ಟೀರಿಂಗ್ ಎದೆಗೇ ಬರುತ್ತದೆ."

"ನಮ್ಮ ಮನೆತನದ ಕಾರಿಗೆ ನಿನ್ನ ಉಪದೇಶ ಬೇಡ."

ಲಾಜರ್ ಕೆಲಸಕ್ಕಿಳಿದ. ಎಂಜಿನ್ನು ಜೋಗುಳದಂತೆ ಗುನುಗತೊಡಗಿದರೂ ಅವನ ಕಣ್ಣಮುಂದೆ ತಾನು ಚಿಕ್ಕಂದಿನಿಂದ ಕಂಡಿದ್ದ ಆ ಹುಡುಗಿಯ ಮುಖವೇ ತೇಲುತ್ತಿತ್ತು.

ಸಂಜೆ ಕಾರನ್ನು ಬಂಗಲೆಗೆ ಒಯ್ದ. ಹಜಾರದಲ್ಲಿ ಅರಸರ ತಾಯಿಯ ವೀಣೆ ಕಂಡಿತು.

"ಬುದ್ಧಿ, ಈ ವೀಣೆಯನ್ನು ಸೀಟಿನಲ್ಲಿ ಕೂರಿಸಿಕೊಂಡು ಊರಲ್ಲೊಂದು ಸುತ್ತು ಹಾಕಿ ಬರಲೇ? ಗಾಡಿಯ ಪರೀಕ್ಷೆಯೂ ಆಗುತ್ತದೆ."

"ತಲೆ ಕೆಟ್ಟಿದೆಯೇನಯ್ಯ? ಜೋರಾಗಿ ಬ್ರೇಕ್ ಹಾಕಿದರೆ ಮುಂದಕ್ಕೆ ಬಿದ್ದು ಚೂರಾಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಆ ಸೀಟಿನಲ್ಲಿ ಏನಿದೆ?"

ಅರಸರು ತಮ್ಮ ಮಾತನ್ನು ತಾವೇ ಕೇಳಿಸಿಕೊಂಡವರಂತೆ ನಿಂತುಬಿಟ್ಟರು. ಆಮೇಲೆ ಮೆಲ್ಲನೆ ಕೇಳಿದರು:

"ಬೆಲ್ಟು, ಏರ್‌ಬ್ಯಾಗು ಎಲ್ಲ ಇರುವ ಗಾಡಿ ಯಾವುದು ಒಳ್ಳೆಯದು?"

"ಯಾರಿಗೆ ಬುದ್ಧಿ, ವೀಣೆಗೋ?"

ಅರಸರ ಮೀಸೆಯಡಿ ನಗು ಮೂಡಿತು. "ಇಬ್ಬರಿಗೂ" ಎಂದರು.