ಹದಿಮೂರು ಬೆರಳಿನ ಹೆಜ್ಜೆ

"ಗುರುಗಳೇ, ಮಠದಲ್ಲಿ ಯಾರು ಯಾವಾಗ ಏನು ತಪ್ಪು ಮಾಡಿದರು ಎಂಬುದನ್ನೆಲ್ಲ ಮೂರು ತಿಂಗಳಿಂದ ಬರೆದಿಟ್ಟಿದ್ದೇನೆ. ಆದರೂ ಇಲ್ಲಿ ಜಗಳ ನಿಲ್ಲಲಿಲ್ಲವಲ್ಲ, ಯಾಕೆ?" ಎಂದು ವಿರೂಪಾಕ್ಷ ಕೇಳಿದ. ಬರೆದದ್ದು ಕಡಿಮೆಯೇನಲ್ಲ, ಕಟ್ಟು ಕಂಕುಳಲ್ಲಿ ಹಿಡಿಸುತ್ತಿರಲಿಲ್ಲ. ಗುರುಗಳು ಅದನ್ನು ಬಿಚ್ಚಿಯೂ ನೋಡದೆ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಮುದುಕಿಯ ತುಪ್ಪದ ಗಡಿಗೆ ಕಳುವಾಯಿತು. ಬಾಣಂತಿ ಮಗಳಿಗೆಂದು ಕೂಡಿಟ್ಟ ತುಪ್ಪ; ಹೊಟ್ಟೆ ಉರಿಯದೆ ಇರುತ್ತದೆಯೇ? ದೂರು ಕೇಳಿ ಚಾವಡಿಯಿಂದ ಅಧಿಕಾರಿ ಬಂದ. ಅಳತೆಯಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವನಿಗೆ ಭಾರೀ ಹೆಮ್ಮೆ. ಬಂದವನೇ ಎಲ್ಲರನ್ನೂ ಹೊಸಿಲಾಚೆ ನಿಲ್ಲಿಸಿ ತಾನೊಬ್ಬನೇ ಒಳಗೆ ಹೋದ. ಒಲೆಯಿಂದ ಗಡಿಗೆ ತೂಗುತ್ತಿದ್ದ ನೆಲುವಿಗೆ ಎಷ್ಟು ಮೊಳ, ನೆಲುವಿನಿಂದ ಬಾಗಿಲಿಗೆ ಎಷ್ಟು ಗೇಣು, ಎಲ್ಲ ಬರೆದ. ಮನೆಯ ನಕ್ಷೆಯನ್ನೂ ತೆಗೆದ. ಬೀಸುಕಲ್ಲನ್ನು ಸಹ ಬಿಡಲಿಲ್ಲ. ಆಮೇಲೆ ತಿರುಗಿ ನೋಡಿದರೆ ನೆಲದ ಮೇಲೆ ಹೆಜ್ಜೆಗುರುತು. ಹಿಗ್ಗಿಹೋದ. ಉದ್ದ ಹದಿಮೂರು ಬೆರಳು, ಹೆಬ್ಬೆರಳು ಹೊರಕ್ಕೆ ಸೊಟ್ಟ. ಮುದುಕಿ ಏನೋ ಹೇಳಲು ಬಂದಳು. ಅಳೆಯುವಾಗ ಮಾತಾಡಿದರೆ ಲೆಕ್ಕ ತಪ್ಪುತ್ತದೆ ಎಂದು ಗದರಿಸಿ ಸುಮ್ಮನಾಗಿಸಿದ.

ಊರಿನವರ ಕಾಲನ್ನೆಲ್ಲ ಅಳೆಸಿದ. ಒಬ್ಬ ನೇಕಾರನದು ಹದಿಮೂರು ಬೆರಳಿಗೆ ಸರಿಯಾಯಿತು. ಅವನ ಹೆಬ್ಬೆರಳು ಸೊಟ್ಟ ಇರಲಿಲ್ಲ. ಭಯಕ್ಕೆ ನೆಟ್ಟಗಾಗಿರಬೇಕು ಎಂದು ಅಧಿಕಾರಿ ಅದನ್ನೂ ಬರೆದುಕೊಂಡ. ಇಪ್ಪತ್ತು ಛಡಿ ಏಟು ಎಂದು ತೀರ್ಪಾಯಿತು. ಪಾಪ, ನೇಕಾರನನ್ನು ಕಂಬಕ್ಕೆ ಕಟ್ಟಿದರು. ಅವನ ಹೆಂಡತಿ ಗೋಳೋ ಎಂದು ಅಳತೊಡಗಿದಳು. ಛಡಿ ಮೇಲೆದ್ದದ್ದನ್ನು ಕಂಡು ಮುದುಕಿ ನಡುವೆ ಬಂದು ನಿಂತಳು.

"ಸ್ವಾಮಿ, ಗಡಿಗೆ ಹೋದದ್ದು ಗೊತ್ತಾದ ಮೇಲೂ ನಾನು ದಿನದಂತೆ ನೆಲ ಸಾರಿಸಿದೆ. ದೊಡ್ಡವರು ಬರುತ್ತೀರಿ ಅಂತ ಸಗಣಿ ಜಾಸ್ತಿಯೇ ಹಾಕಿ ಸಾರಿಸಿದೆ. ಅದು ಆರುವ ಮುಂಚೆ ಒಳಗೆ ಕಾಲಿಟ್ಟವರು ನೀವೊಬ್ಬರೇ."

ಅಧಿಕಾರಿ ಹೋಗಿ ಗುರುತಿನ ಮೇಲೆ ಕಾಲಿಟ್ಟು ನೋಡಿದ. ಹೆಬ್ಬೆರಳೂ ಸೇರಿ ಎಲ್ಲ ಕರಾರುವಾಕ್ಕಾಗಿ ಕೂತಿತು. ನೇಕಾರನ ಕಟ್ಟು ಬಿಚ್ಚಿದರು. ಅಷ್ಟರಲ್ಲಿ ಗಡಿಗೆ ಮೂರು ಊರು ದಾಟಿತ್ತು.

ವಿರೂಪಾಕ್ಷ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂಥ ದಡ್ಡರೂ ಇರುತ್ತಾರೆಯೇ ಎಂದು ಕೇಳಿದ.

ಗುರುಗಳು ಅವನ ಕಟ್ಟಿನ ಮೇಲೆ ಕೈಯಿಟ್ಟರು. "ಇದರಲ್ಲಿ ನಿನ್ನ ಹೆಸರು ಎಷ್ಟು ಸಲ ಬಂದಿದೆ, ಮಗು?"