ತವರಿಲ್ಲದ ಮೋಡದ ಬಾಣಂತನ

ಬಾರೇ, ಅಜ್ಜಿ ಕಡೆ ಹೊರಳು ಶಾಂಭೂ. ಅಮ್ಮನ ಕೋಣೆಗೆ ಈಗ ಬೇಡ, ತಮ್ಮನಿಗೆ ಹಾಲು ಕುಡಿಸ್ತಿದಾಳೆ. ಮೂತಿ ಯಾಕೆ ಬೋಂಡದ ಹಾಗೆ ಊದಿಸ್ಕೊಂಡಿದೀಯ? ಕತೆ ಹೇಳ್ತೀನಿ, ಹೂಂಗುಟ್ಟಬೇಕು ಮತ್ತೆ.

ಒಂದಾನೊಂದು ಕಾಲದಲ್ಲಿ, ಮೋಡಗಳೂ ನಮ್ಮ ಹಾಗೆ ಬಸುರಿ ಬಾಣಂತಿ ಆಗ್ತಿದ್ದ ಕಾಲದಲ್ಲಿ, ಒಬ್ಬಳು ಮೋಡದ ಹುಡುಗಿ ಇದ್ಲಂತೆ. ಚೊಚ್ಚಲ ಬಸುರಿ. ಚೊಚ್ಚಲಿಗೆ ತವರಿಗೆ ಹೋಗಬೇಕು ತಾನೆ, ಇವಳಿಗೆ ತವರೇ ಇರಲಿಲ್ಲವಂತೆ, ಅವಳಮ್ಮ ಎಂದೋ ಮಳೆಯಾಗಿ ಸುರಿದು ಹೋಗಿದ್ಲಂತೆ. ಆಮೇಲೆ ದಿನ ತುಂಬಿದಾಗ ಮೆಲ್ಲಗೆ ಗುಡ್ಡ ಇಳ್ಕೊಂಡು ಬಂದು, ಬುಡದಲ್ಲಿ ಮೂವರು ಅಕ್ಕತಂಗೀರಿದ್ದ ಮನೆ ಬಾಗಿಲಲ್ಲಿ ನಿಂತು, ಅಕ್ಕಾ, ಒಂದಿಷ್ಟು ಜಾಗ ಕೊಡ್ತೀರಾ ಅಂದಳಂತೆ. ಅಯ್ಯೋ ಬಾ ತಾಯಿ ಅಂತ ಮೂವರೂ ಒಳಗೆ ಕರ್ಕೊಂಡ್ರಂತೆ. ಸಂಜೆಯೊಳಗೆ ಹೆರಿಗೆ ಆಯ್ತಂತೆ. ಮಗು ಹಿಂಜಿದ ಹತ್ತಿ ಹಾಗೆ ಬೆಳ್ಳಗೆ, ಹಗುರ. ಯಾರಾದ್ರೂ ಸೀನಿದ್ರೆ ಹಾರಿಹೋಗುತ್ತೆ ಅಂತ ಉಡದಾರ ಕಟ್ಟಿ, ಅದರ ತುದಿ ತೊಟ್ಟಿಲಿಗೆ ಗಂಟು ಹಾಕಿದ್ರಂತೆ.

ಎಲ್ಲಾ ಸರಿ, ತಾಯಿಗೆ ಹಾಲೇ ಇಳೀಲಿಲ್ಲವಂತೆ. ಹಾಲಿಲ್ಲದಿದ್ರೆ ಮೋಡದ ಮಗು ಅಳೋದಿಲ್ಲ ಕಣೆ, ತೆಳ್ಳಗಾಗುತ್ತೆ. ಮೊದಲನೇ ದಿನ ಮಗುವಿನ ಮೈಯೊಳಗಿಂದ ತೊಟ್ಟಿಲ ಬಟ್ಟೆ ಕಂಡಿತಂತೆ, ಎರಡನೇ ದಿನ ಬಟ್ಟೆ ಮೇಲಿನ ಹೂಗಳೂ ಕಂಡವಂತೆ. ಮೂರನೇ ದಿನ ಬಿಸಿಲೇರೋದರೊಳಗೆ ಹಾಲು ಸಿಗದಿದ್ರೆ ಮಗು ಕರಗೇ ಹೋಗುತ್ತೆ.

ಮೊದಲ ದಿನ ದೊಡ್ಡವಳು ಚೌಡಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳಂತೆ. ಮಗೂಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಕುಲಾವಿ ಹಾಕಿ, ಗಲ್ಲಕ್ಕೆ ದೃಷ್ಟಿಬೊಟ್ಟಿಟ್ಟು ಊರಿಗೆಲ್ಲ ತೋರಿಸಿದಳಂತೆ. ಬಂದವರೆಲ್ಲ ಮಗು ನೋಡಿ ಮುದ್ದಾಡಿ ಹೋದ್ರಂತೆ. ತಾಯಿ ಕಡೆ ತಿರುಗಿದವರೇ ಇಲ್ಲ.

ಆಮೇಲೆ ಎರಡನೇ ದಿನ ನಡುವಿನವಳು ಪುಟ್ಟನಂಜಿ ಬಂದಳಂತೆ. ಅವಳು ಪಥ್ಯ ಅಂದ್ರೆ ಪ್ರಾಣ ಬಿಡೋಳು. ಮೆಣಸಿನ ಸಾರು, ಬೆಳ್ಳುಳ್ಳಿ, ಶುಂಠಿ ಉಂಡೆ, ಎಲ್ಲಾ ಖಾರ ಖಾರ. ಬಾಣಂತಿ ಏನೋ ಹೇಳೋಕೆ ಬಾಯಿ ತೆಗೆದ್ರೆ, ಸುಮ್ನಿರು, ನಿನಗೇನು ಗೊತ್ತು, ನಾನು ಇಪ್ಪತ್ತು ಬಾಣಂತನ ಮಾಡಿದೀನಿ ಅಂತ ಗದರಿಕೊಂಡಳಂತೆ. ನೀರು ಕೇಳಿಬಿಟ್ಟಾಳು ಅಂತ ಮೊದಲೇ, ನೀರು ಕುಡಿದ್ರೆ ನಿನಗೆ ಹೊಟ್ಟೆ ಬರುತ್ತೆ, ಮಗೂಗೆ ಶೀತ ಆಗುತ್ತೆ ಅಂದು, ಇಡೀ ದಿನಕ್ಕೆ ಒಂದೇ ಒಂದು ಒಳಲೆ ನೀರು ಕೊಟ್ಟಳಂತೆ. ಮಗೂಗೆ ಹಾಲು ಕುಡಿಸ್ತೀವಲ್ಲ, ಆ ಒಳಲೆ! ಮೋಡಕ್ಕೆ ಒಂದು ಒಳಲೆ ನೀರು! ನನಗಂತೂ ಈಗಲೂ ಸಿಟ್ಟು ಬರುತ್ತೆ.

ಮೂರನೇ ದಿನ ಬೆಳಗಾಯ್ತು, ಅಕ್ಕಂದಿರಿಬ್ಬರೂ ತಲೆ ಮೇಲೆ ಕೈ ಹೊತ್ತು ಕೂತ್ರಂತೆ. ಉಳಿದವಳು ಕಿರಿಯವಳು ಈರಿ. ಅವಳು ಹೆತ್ತವಳಲ್ಲ, ಬಾಣಂತನ ಮಾಡಿದವಳೂ ಅಲ್ಲ. ಏನು ಮಾಡಬೇಕೋ ತಿಳೀದೆ, ಬಾಣಂತಿ ಪಕ್ಕ ಕೂತು, ಕೂದಲು ಸರಿಸಿ, ನನಗೆ ಏನೂ ಬರಲ್ಲ ಕಣವ್ವ, ನಿನಗೇನು ಬೇಕು ನೀನೇ ಹೇಳು ಅಂದಳಂತೆ.

ಮೂರು ದಿನದಲ್ಲಿ ಯಾರೂ ಕೇಳದ ಮಾತು. ಮೋಡದ ಹುಡುಗಿ ತುಟಿ ಅಲುಗಿಸಿ, ಅಕ್ಕಾ, ಬಾಯಾರಿಕೆ ಅಂದಳಂತೆ.

ಈರಿ ಎದ್ದು ಜೀರಿಗೆ ಹಾಕಿ ನೀರು ಕಾಯಿಸಿದಳಂತೆ. ಹೆಚ್ಚುಕಮ್ಮಿ ಆದ್ರೆ ನಿನ್ನ ತಲೆ ಮೇಲೆ ಅಂತ ಅಕ್ಕಂದಿರು ಬಡ್ಕೊಂಡ್ರೂ, ಆಗಲಿ ಬಿಡಿ ಅಂತ ಬೆಚ್ಚಗೆ ಒಂದು ಚೊಂಬು ಕುಡಿಸಿದಳಂತೆ, ಹುಡುಗಿ ಮುಖಕ್ಕೆ ಬಣ್ಣ ಬಂತಂತೆ. ಎರಡನೇ ಚೊಂಬಿಗೆ ಕಣ್ಣಲ್ಲಿ ನೀರು ಬಂತಂತೆ. ಮೂರನೇ ಚೊಂಬಿಗೆ ಹಾಲು ಇಳೀತಂತೆ! ಬಿಸಿಲು ಹೊಸಿಲು ದಾಟೋ ಹೊತ್ತಿಗೆ ಮಗು ಚಪ್ ಚಪ್ ಅಂತ ಕುಡಿದೂ ಕುಡಿದೂ ಗುಂಡಗಾಗಿ, ತೊಟ್ಟಿಲ ಸಮೇತ ಮೇಲೆದ್ದು ಜಂತಿಗೆ ಹೋಗಿ ಮುಟ್ಟಿತಂತೆ. ಈರಿ ಜಿಗಿದು ಕೆಳಗೆಳೆದಳಂತೆ.

ಆಮೇಲೆ ಮೂರು ತಿಂಗಳು ಬಾಣಂತನ ಮುಗಿಸಿ, ಈರಿ ಮಡಿಲಕ್ಕಿ ಹಾಕಿ ಕಳಿಸಿದಳಂತೆ. ಮಡಿಲು ತುಂಬಿದ ಮನೆಯೇ ತವರು ತಾನೆ? ಅದಕ್ಕೇ ನೋಡು, ಮಳೆಗೆ ಮುಂಚೆ ಮೋಡ ಗುಡ್ಡ ಇಳಿದು ಬುಡದಲ್ಲಿ ಒಂದು ಗಳಿಗೆ ಕೂತು ಹೋಗುತ್ತೆ. ಮಗು ಕಟ್ಕೊಂಡು ತವರಿಗೆ ಬಂದಿರ್ತಾಳೆ.

ಶಾಂಭೂ? ಇದ್ಯಾಕೆ ಎದ್ದೆ? ನೀರಾ? ಆ ಚೊಂಬಲ್ಲಿದೆ, ಬೆಚ್ಚಗಿದೆ. ನಿನಗಲ್ವಾ? ಓಹೋ, ಅಮ್ಮನಿಗಾ... ಎರಡೂ ಕೈಲಿ ಹಿಡ್ಕೋ, ಚೆಲ್ಲಬೇಡ, ಮೆಲ್ಲಗೆ ಹೋಗು.

ಬಂದ್ಯಾ? ಕುಡಿದಳಾ? ಅಷ್ಟೂನಾ? ಇನ್ನೇನು ಬೇಕು ಅಂತಾನೂ ಕೇಳಿದ್ಯಾ? ಏನಂದ್ಲು?... ನೀನು ಬೇಕು ಅಂದ್ಲಾ! ಹತ್ತು ದಿನದಿಂದ ಮಗೂಗೆ ಎಣ್ಣೆ, ಮಗೂಗೆ ನೀರು ಅಂತ ಓಡಾಡ್ತಾನೇ ಇದೀನಿ, ನಾನೂ ಇದನ್ನ ಕೇಳಿರಲಿಲ್ಲ ನೋಡು. ದಿಂಬು ತಗೋ, ಓಡು, ಅಮ್ಮನ ಮಗ್ಗುಲಲ್ಲೇ ಮಲಕ್ಕೋ. ಕತೆ ಮುಗೀತು, ಚೊಂಬೂ ಬರಿದಾಯ್ತು.